ಹಬ್ಬದಲ್ಲಿ ಮಾತು, ಆಮೇಲೆ ಸಹಿ



ಗಣೇಶ ಚೌತಿಯಿಂದ ದೀಪಾವಳಿಯವರೆಗೆ ಪುಣೆಯಲ್ಲಿ ಹಬ್ಬದ ಕಾಲ. ಮನೆಗಳ ವ್ಯಾಪಾರಕ್ಕೂ ಇದೇ ಕಾಲ. ಬೆಳಿಗ್ಗೆ ಪೇಪರು ಬಿಡಿಸಿದರೆ ಪುಟದ ತುಂಬ ಫ್ಲಾಟುಗಳ ಜಾಹೀರಾತು. ಗಣಪತಿ ಮಂಡಳಿಯ ಕಮಾನಿನ ಮೇಲೂ ಬಿಲ್ಡರನ ಹೆಸರು. ಹೊಸ ಮನೆ ಕೊಳ್ಳುವವರಿಗೆ ಸಲಹೆ ಕೊಡಲು ಜನ ಬೇಕಾದಷ್ಟಿದ್ದಾರೆ. ಹಳೆಯ ಮನೆ ಮಾರಲು ಹೊರಟವರಿಗೆ ಹೇಳುವವರು ಕಡಿಮೆ. ಅಜ್ಜ ಕೊಂಡ ವಾಡೆಯ ಪಾಲು, ಅಪ್ಪ ಕಟ್ಟಿಸಿದ ಬಂಗಲೆ, ಅವ್ವ ನಲವತ್ತು ವರ್ಷ ರಂಗೋಲಿ ಹಾಕಿದ ಅಂಗಳ, ಇಂಥದನ್ನು ಮಾರಬೇಕಾಗಿ ಬಂದ ಕುಟುಂಬಗಳೊಡನೆ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಪುಣೆಯಲ್ಲಿ ಕನ್ನಡಿಗರ ಮನೆಗಳು ಇಂದು ನಿನ್ನೆಯವಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇದ್ದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮುಂಚೆ ಆ ಕಡೆಯ ಹುಡುಗರು ಕಾಲೇಜು ಓದಲು ಹೆಚ್ಚಾಗಿ ಪುಣೆಗೋ ಮುಂಬಯಿಗೋ ಕೊಲ್ಹಾಪುರಕ್ಕೋ ಹೋಗಬೇಕಾಗಿತ್ತು. ಬೇಂದ್ರೆಯವರು ಬಿ.ಎ. ಓದಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಕಲಿತದ್ದೂ ಇದೇ ಊರಿನಲ್ಲಿ. ಗದುಗಿನ ಭೀಮಸೇನ ಜೋಶಿಯವರು ಇಲ್ಲಿಯೇ ಮನೆ ಮಾಡಿ 2011ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು. ಇವರ ಹಿಂದೆ ಮುಂದೆ ಬಂದವರು ಸಾವಿರಾರು ಜನ. ಖಡಕಿಯ ಕಾರ್ಖಾನೆಗೆ, ರೈಲ್ವೆಗೆ, ಬ್ಯಾಂಕಿಗೆ, ಪಿಂಪರಿಯ ಕಂಪನಿಗಳಿಗೆ ನೌಕರಿಗೆ ಬಂದವರು, ಉಡುಪಿ ಕಡೆಯಿಂದ ಬಂದು ಹೋಟೆಲು ಇಟ್ಟವರು. ಮೊದಲು ಪೇಠೆಯ ವಾಡೆಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದರು. ಆಮೇಲೆ ಸೊಸಾಯಿಟಿ ಮಾಡಿಕೊಂಡು ಎರಂಡವಣೆ, ಕೋಥರೂಡ, ಸಹಕಾರನಗರದ ಕಡೆ ಮನೆ ಕಟ್ಟಿದರು.

ಆ ಮನೆ ಕಟ್ಟಿದವರ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ, ಹುಬ್ಬಳ್ಳಿಯಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ಮನೆಯಲ್ಲಿ ಉಳಿದವರು ವಯಸ್ಸಾದ ತಾಯಿ, ಇಲ್ಲವೆ ಯಾರೂ ಇಲ್ಲ. ಎಲ್ಲರೂ ಒಂದೇ ಸೂರಿನಡಿ ಸೇರುವುದು ಹಬ್ಬಕ್ಕೆ ಮಾತ್ರ. ಹೀಗಾಗಿ ಮನೆ ಮಾರುವ ಮಾತು ಹಬ್ಬದಲ್ಲಿಯೇ ಏಳುತ್ತದೆ. ಹೋಳಿಗೆ ಊಟ ಮುಗಿಸಿ ಅಡಕೆಲೆ ಹಾಕಿಕೊಳ್ಳುವ ಹೊತ್ತಿಗೆ ಯಾರೋ ಒಬ್ಬರು ಶುರು ಮಾಡುತ್ತಾರೆ: “ಈ ಮನೀದು ಏನರೆ ಒಂದು ಮಾಡಬೇಕಲ್ಲ?”

ಮಾತು ಏಳುವುದು ತಪ್ಪಲ್ಲ, ಏಳಲೇಬೇಕು. ಆದರೆ ಅದೇ ವಾರದಲ್ಲಿ ಸಹಿ ಮಾಡಿ ಮುಗಿಸಿಬಿಡುವ ಅವಸರ ಬೇಡ. ಹಬ್ಬದ ದಿನಗಳನ್ನು ಮಾತಿಗೆ, ಕಾಗದ ಹುಡುಕುವುದಕ್ಕೆ ಬಳಸಿಕೊಳ್ಳಿ. ಸಹಿಯನ್ನು ಹಬ್ಬ ಕಳೆದ ಮೇಲೆ ಇಟ್ಟುಕೊಳ್ಳಿ. ನಾನು ಹೇಳಬೇಕಾದ ಮುಖ್ಯ ವಿಷಯ ಇಷ್ಟೇ. ಇದನ್ನು ಹೇಗೆ ಮಾಡಬಹುದು ಎಂಬುದನ್ನು ಹಬ್ಬಗಳ ಕ್ರಮದಲ್ಲಿಯೇ ನೋಡೋಣ.

ಮೊದಲು ಗೌರಿ ಗಣಪತಿ. ಈ ಹತ್ತು ದಿನಗಳಲ್ಲಿ ಪೇಠೆಗಳಲ್ಲಿ ಕಾರು ಒಳಗೆ ಬರುವುದಿಲ್ಲ, ಸಂಜೆ ಮಾತು ಕೇಳಿಸುವುದಿಲ್ಲ. ಮನೆ ತೋರಿಸುವುದಕ್ಕೆ ಇದು ಸಮಯವಲ್ಲ. ಮನೆಯವರು ಕೂತು ಮಾತಾಡುವುದಕ್ಕೆ ಮಾತ್ರ ಒಳ್ಳೆಯ ಸಮಯ. ಮೊದಲ ಪ್ರಶ್ನೆ ಬೆಲೆಯದಲ್ಲ. “ಅವ್ವ ಎಲ್ಲಿರತಾಳ?” ಎಂಬುದು ಮೊದಲ ಪ್ರಶ್ನೆ. ಈ ಪ್ರಶ್ನೆಯನ್ನು ಅವ್ವನ ಮುಂದೆ, ಅವ್ವನನ್ನೇ ಕೇಳಬೇಕು. ಅಡಿಗೆಮನೆಯಲ್ಲಿ ಸೊಸೆಯಂದಿರು ಒಂದು ಮಾತು, ಪಡಸಾಲೆಯಲ್ಲಿ ಗಂಡುಮಕ್ಕಳು ಇನ್ನೊಂದು ಮಾತು ಆಡಿ ಕೊನೆಗೆ ಆಕೆಗೆ ತಿಳಿಸುವುದು ಸರಿಯಲ್ಲ.

“ನಮ್ಮ ಕಡೆ ಆರು ತಿಂಗಳು, ನಿಮ್ಮ ಕಡೆ ಆರು ತಿಂಗಳು ಇರಲಿ” ಎಂದು ಹೇಳಿಬಿಡುವುದು ಸುಲಭ. ಎಂಬತ್ತು ದಾಟಿದ ಜೀವಕ್ಕೆ ಅದರ ಅರ್ಥ ಏನು ಎಂದು ಸ್ವಲ್ಪ ಯೋಚಿಸಿ. ಆಕೆಯ ಡಾಕ್ಟರು ಇಲ್ಲಿದ್ದಾರೆ. ಭಜನಿ ಮಂಡಳಿಯ ಗೆಳತಿಯರು ಇಲ್ಲಿದ್ದಾರೆ. ಐವತ್ತು ವರ್ಷ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡಿದ ಪಕ್ಕದ ಮನೆಯ ಕಾಕು ಇಲ್ಲಿದ್ದಾರೆ. ಔಷಧದ ಅಂಗಡಿಯವನಿಗೆ ಆಕೆಯ ಗುಳಿಗೆ ಯಾವುದೆಂದು ಗೊತ್ತು. ಬೆಂಗಳೂರಿನ ಹದಿನಾಲ್ಕನೆಯ ಮಹಡಿಯಲ್ಲಿ ಮಗನ ಪ್ರೀತಿ ಸಿಗಬಹುದು, ಇವಿಷ್ಟು ಸಿಗಲಾರವು. ದೊಡ್ಡ ಮನೆ ಮಾರಿ ಅದೇ ಬಡಾವಣೆಯಲ್ಲಿ, ಲಿಫ್ಟು ಇರುವ ಕಟ್ಟಡದಲ್ಲಿ, ಆಕೆಯ ಹೆಸರಿನಲ್ಲಿಯೇ ಒಂದು ಸಣ್ಣ ಫ್ಲಾಟು ತೆಗೆದುಕೊಳ್ಳಲು ಬರುತ್ತದೆಯೇ ನೋಡಿ. ಮನೆ ಮಾರಿದ ಲಾಭವನ್ನು ಕಾಯಿದೆಯ ಅವಧಿಯೊಳಗೆ ಇನ್ನೊಂದು ವಾಸದ ಮನೆಗೆ ತೊಡಗಿಸಿದರೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಉಂಟು. ಮಾರುವ ಒಂದು ವರ್ಷ ಮೊದಲಿನಿಂದ ಮಾರಿದ ಎರಡು ವರ್ಷದೊಳಗೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ಈ ವಿನಾಯಿತಿ ದೊರೆಯುತ್ತದೆ.

ಎರಡನೆಯ ಪ್ರಶ್ನೆ ಪಾಲಿನದು. ಇಲ್ಲಿ ಬಹಳ ಮನೆಗಳಲ್ಲಿ ತಪ್ಪು ತಿಳಿವಳಿಕೆ ಇದೆ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ, ಮೃತ್ಯುಪತ್ರ ಬರೆಯದೆ ತೀರಿಕೊಂಡರು ಎಂದಿಟ್ಟುಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇರುವ ಮನೆ 1 ಕೋಟಿ 60 ಲಕ್ಷಕ್ಕೆ ಹೋಯಿತು ಎಂದರೆ ಒಬ್ಬೊಬ್ಬರಿಗೆ 32 ಲಕ್ಷ. ಮದುವೆ ಆಗಿದೆ, ಆಗಿಲ್ಲ ಎಂಬ ಭೇದವಿಲ್ಲ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿಯೂ ಮಗಳಿಗೆ ಮಗನಷ್ಟೇ ಹಕ್ಕನ್ನು ಕರ್ನಾಟಕ, ಮಹಾರಾಷ್ಟ್ರ ಎರಡೂ 1994ರಲ್ಲಿ ಕೆಲವು ಮಿತಿಗಳೊಡನೆ ಕೊಟ್ಟವು. 2005ರ ಸೆಪ್ಟೆಂಬರ್ 9ರಿಂದ ಅದು ಇಡೀ ದೇಶಕ್ಕೆ ಅನ್ವಯವಾಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಕಾಯಿದೆ ಇಷ್ಟು ನೇರವಾಗಿರುವಾಗ “ಅಕ್ಕಾವ್ರಿಗೆ ಮದುವೀ ಒಳಗ ಬಂಗಾರ ಹಾಕೇವಲ್ಲ” ಎಂಬ ಮಾತು ಮನೆಯ ಹಿರಿಯರ ಬಾಯಲ್ಲಿ ಚೆನ್ನಾಗಿ ಕೇಳಿಸಬಹುದು, ಉಪನೋಂದಣಾಧಿಕಾರಿಯ ಮೇಜಿನ ಮುಂದೆ ನಡೆಯುವುದಿಲ್ಲ.

ಸಹೋದರಿ ತಾನಾಗಿಯೇ ಪಾಲು ಬೇಡವೆಂದರೆ ಅದು ಆಕೆಯ ಇಚ್ಛೆ. ಅದಕ್ಕೆ ಹಕ್ಕುಬಿಡುಗಡೆ ಪತ್ರ ಬೇಕು. ಇಲ್ಲಿಯ ಮಾತಿನಲ್ಲಿ ‘ಹಕ್ಕಸೋಡ ಪತ್ರ’. ಅದು ನೋಂದಣಿ ಆಗಬೇಕು. ಬಿಳಿ ಹಾಳೆಯ ಮೇಲಿನ ಸಹಿ ಸಾಲದು. ಆದರೆ ಈ ಪತ್ರವನ್ನು ದೀಪಾವಳಿಯ ಭಾವುಬೀಜದ ದಿನ ಮುಂದೆ ಇಡಬೇಡಿ. ತವರಿಗೆ ಬಂದು ಅಣ್ಣನಿಗೆ ಆರತಿ ಮಾಡಿದ ಕೈಗೆ ಅದೇ ಮಧ್ಯಾಹ್ನ ಪೆನ್ನು ಕೊಟ್ಟರೆ ಆಕೆ ಇಲ್ಲವೆನ್ನಲಾರಳು. ಮುಂದೆ ಎಷ್ಟೋ ವರ್ಷ ಅದು ಆಕೆಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಬಹುದು. ಆರತಿ ತಟ್ಟೆಗೆ ಹಾಕುವ ದುಡ್ಡು ಬೇರೆ, ಮನೆಯ ಪಾಲು ಬೇರೆ. ಆಕೆ ತನ್ನ ಮನೆಗೆ ಹೋಗಿ, ಬೇಕಾದವರನ್ನು ಕೇಳಿ, ಒಂದು ತಿಂಗಳು ಬಿಟ್ಟು ಉತ್ತರ ಕೊಡಲಿ. ಆಗ ಬಿಟ್ಟುಕೊಟ್ಟರೆ ಮನಸ್ಸಿನಿಂದ ಬಿಟ್ಟುಕೊಟ್ಟಂತೆ. ಬಿಡದಿದ್ದರೂ ತವರು ತವರಾಗಿಯೇ ಉಳಿಯುತ್ತದೆ.

ತಾಯಂದಿರಿಗೂ ಒಂದು ಮಾತು. ನಿಮ್ಮ ಪಾಲಿನ ಹಣ ನಿಮ್ಮ ಖಾತೆಗೇ ಬರಲಿ. ಮಗನ ಹೆಸರಿಗೆ ಪಾಲು ಬರೆದುಕೊಡಲೇಬೇಕು ಎನಿಸಿದರೆ, ನಿಮ್ಮನ್ನು ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲಿ ಬರೆಸಿ. ಅಂಥ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ನಡೆಸದಿದ್ದರೆ, ರದ್ದುಪಡಿಸಿಕೊಳ್ಳಲು ಹಿರಿಯ ನಾಗರಿಕರಿಗಾಗಿ ಮಾಡಿದ 2007ರ ಕಾಯಿದೆಯಲ್ಲಿ ಅವಕಾಶವಿದೆ. ಇದನ್ನು ಕೇಳುವುದು ಮಗನ ಮೇಲಿನ ಅಪನಂಬಿಕೆ ಎಂದು ತಿಳಿಯಬೇಕಾಗಿಲ್ಲ.

ಅನಂತ ಚತುರ್ದಶಿ ಕಳೆದು ಗಣಪತಿ ವಿಸರ್ಜನೆಯಾದ ಮೇಲೆ ಪಿತೃಪಕ್ಷ ಬರುತ್ತದೆ. ಈ ಹದಿನೈದು ದಿನ ಇಲ್ಲಿ ಬಹಳ ಜನ ಮನೆ ನೋಡಲು ಬರುವುದಿಲ್ಲ, ವ್ಯವಹಾರ ಮಾಡುವುದಿಲ್ಲ. ದಲಾಲರೂ ಕೈ ಕಟ್ಟಿ ಕೂಡುತ್ತಾರೆ. ಕಾಗದ ಪತ್ರ ಹುಡುಕಲು ಇಷ್ಟು ಒಳ್ಳೆಯ ಸಮಯ ಬೇರೆ ಇಲ್ಲ. ಹಿರಿಯರನ್ನು ನೆನೆಯುವ ಪಕ್ಷದಲ್ಲಿ ಅವರ ಟ್ರಂಕು ತೆಗೆದು ನೋಡುವುದು ತಕ್ಕ ಕೆಲಸವೇ ಸರಿ.

ಏನೇನು ಹುಡುಕಬೇಕು? ಮೂಲ ಖರೀದಿ ಪತ್ರ ಮತ್ತು ಅದರ ನೋಂದಣಿಯ ‘ಇಂಡೆಕ್ಸ್ ಟೂ’. ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡು, ಇಲ್ಲವೆ ಸಾತ್‌ಬಾರಾ ಉತಾರಾ. ನಮ್ಮ ಕಡೆಯ ಪಹಣಿ ಇದ್ದ ಹಾಗೆ. ಕಟ್ಟಡದ ಮಂಜೂರಾದ ನಕ್ಷೆ. ಸೊಸಾಯಿಟಿಯ ಮನೆಯಾದರೆ ಷೇರು ಸರ್ಟಿಫಿಕೇಟು. ತೀರಿಕೊಂಡವರ ಮರಣ ಪತ್ರ. ಮೃತ್ಯುಪತ್ರ ಇದ್ದರೆ ಅದರ ಮೂಲ ಪ್ರತಿ. ಪಾಲಿಕೆಯ ತೆರಿಗೆ ಪಾವತಿಗಳು.

ಇಲ್ಲಿ ಎರಡು ತಪ್ಪು ಕಲ್ಪನೆಗಳನ್ನು ಬಿಡಬೇಕು. ಪಾಲಿಕೆಯ ತೆರಿಗೆ ಬಿಲ್ಲಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದಲ್ಲ. ಸೊಸಾಯಿಟಿಯ ದಫ್ತರದಲ್ಲಿ ‘ನಾಮಿನಿ’ ಎಂದು ಯಾರ ಹೆಸರು ಬರೆಸಿದೆಯೋ ಅವರೊಬ್ಬರೇ ವಾರಸುದಾರರು ಎಂದೂ ಅಲ್ಲ. ತೆರಿಗೆ ಬಿಲ್ಲು ತೆರಿಗೆ ವಸೂಲಿಗೆ. ನಾಮಿನಿ ಸೊಸಾಯಿಟಿಯ ವ್ಯವಹಾರದ ಅನುಕೂಲಕ್ಕೆ. ಉಳಿದ ವಾರಸುದಾರರ ಹಕ್ಕು ಅದರಿಂದ ಹೋಗುವುದಿಲ್ಲ.

ಟ್ರಂಕಿನಲ್ಲಿ ಕಾಗದ ಸಿಗದಿದ್ದರೆ ಹೆದರಬೇಡಿ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಅದರ ನೀರಿಗೆ ಖಡಕವಾಸಲಾ ಅಣೆಕಟ್ಟೂ ಒಡೆದು, ಮುಠಾ ನದಿಯ ದಂಡೆಯ ಪೇಠೆಗಳೆಲ್ಲ ಮುಳುಗಿದ್ದವು. ಎಷ್ಟೋ ವಾಡೆಗಳು ಬಿದ್ದವು, ಎಷ್ಟೋ ಮನೆಗಳ ಕಾಗದಗಳು ಕೆಸರಿನಲ್ಲಿ ಹೋದವು. ನೋಂದಣಿಯಾದ ಪತ್ರದ ದೃಢೀಕೃತ ನಕಲು ಕೇಳಿ ಪಡೆಯಬಹುದು. ಅದಕ್ಕೆ ವಾರಗಳು ಹಿಡಿಯುತ್ತವೆ ಅಷ್ಟೇ. ಅದಕ್ಕಾಗಿಯೇ ಈಗಲೇ ಶುರು ಮಾಡಿ ಎನ್ನುತ್ತಿರುವುದು. ಹಾಗೆಯೇ ತೀರ ಹಳೆಯ ವಾಡೆಯ ದಸ್ತಾವೇಜು ಮೋಡಿ ಲಿಪಿಯಲ್ಲಿದ್ದರೆ ಬಿಸಾಡಬೇಡಿ. ಮೋಡಿ ಓದುವ ತಜ್ಞರು ಪುಣೆಯಲ್ಲಿದ್ದಾರೆ. ಅವರಿಂದ ಲಿಪ್ಯಂತರ ಮಾಡಿಸಿ ವಕೀಲರಿಗೆ ತೋರಿಸಿ.

ಕನ್ನಡಿಗರಿಗೇ ಇರುವ ಒಂದು ತೊಡಕು ಹೆಸರಿನದು. ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಮೈಸೂರು ಕಡೆಯವರಿಗೆ ಇನಿಶಿಯಲ್ ಮಾತ್ರ. ಊರಿನ ಹೆಸರೇ ಒಂದು ಕಾಗದದಲ್ಲಿ ಅಡ್ಡಹೆಸರಾಗಿರುತ್ತದೆ, ಇನ್ನೊಂದರಲ್ಲಿ ಇರುವುದೇ ಇಲ್ಲ. ಖರೀದಿ ಪತ್ರದಲ್ಲಿ ಭೀಮರಾವ, ಪಿಂಚಣಿ ಪುಸ್ತಕದಲ್ಲಿ ಭೀಮಸೇನ, ಆಧಾರಿನಲ್ಲಿ ಭೀಮಸೇನರಾವ್. ಮದುವೆಯಲ್ಲಿ ಹೆಸರು ಬದಲಾದ ಸೊಸೆಗೆ ತವರಿನ ಕಾಗದದಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು. ಕೊಳ್ಳುವವನ ಬ್ಯಾಂಕಿನವರು ಇದನ್ನು ಹಿಡಿದೇ ಹಿಡಿಯುತ್ತಾರೆ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟು, ಅದಕ್ಕೆ ಬೇಕಾದ ದಾಖಲೆ ಎಲ್ಲವನ್ನೂ ಮೊದಲೇ ಸಿದ್ಧಮಾಡಿಕೊಂಡರೆ ಕೊನೆಯ ಗಳಿಗೆಯಲ್ಲಿ ವ್ಯವಹಾರ ನಿಲ್ಲುವುದಿಲ್ಲ.

ವಾಡೆಯಲ್ಲಿ ಬಾಡಿಗೆದಾರರು ಇದ್ದರೆ ಅವರ ವಿಷಯವೂ ಈಗಲೇ ಆಗಬೇಕು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಅವರಿಗೆ ರಕ್ಷಣೆ ಇದೆ. ಮನೆ ಕೈ ಬದಲಾಯಿಸಿದ ಮಾತ್ರಕ್ಕೆ ಬಾಡಿಗೆ ಹಕ್ಕು ಹೋಗುವುದಿಲ್ಲ. ಅವರನ್ನು ಕತ್ತಲೆಯಲ್ಲಿಟ್ಟು ಮಾರಲು ಹೋದರೆ ಕೊಳ್ಳುವವನು ಬೆಲೆ ಇಳಿಸುತ್ತಾನೆ ಇಲ್ಲವೆ ಓಡುತ್ತಾನೆ. ಮೂರು ತಲೆಮಾರು ಒಂದೇ ಅಂಗಳದಲ್ಲಿ ತುಳಸಿ ಕಟ್ಟೆಗೆ ದೀಪ ಇಟ್ಟವರು ಅವರು. ಸುದ್ದಿ ನಿಮ್ಮ ಬಾಯಿಂದಲೇ ತಿಳಿಯಲಿ.

ವಿದೇಶದಲ್ಲಿರುವ ಮಗ ಅಥವಾ ಮಗಳು ನೋಂದಣಿಗೆ ಬರಲಾಗದಿದ್ದರೆ ಮುಖತ್ಯಾರ ಪತ್ರ ಬೇಕಾಗುತ್ತದೆ. ಅದನ್ನು ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಮಾಡಿಸಿ ಕಳಿಸಬಹುದು. ಪತ್ರ ಇಲ್ಲಿ ಮುಟ್ಟಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಪತ್ರದಲ್ಲಿ ಯಾವ ಮನೆ, ಯಾವ ಕೆಲಸಕ್ಕೆ, ಹಣ ಯಾವ ಖಾತೆಗೆ ಎಂದು ಸ್ಪಷ್ಟವಾಗಿ ಬರೆಸಿ. ‘ಎಲ್ಲ ಅಧಿಕಾರ’ ಎಂದು ಬರೆದುಕೊಟ್ಟು ನಿಶ್ಚಿಂತೆಯಾಗಿರುವುದು ಅಣ್ಣ ತಮ್ಮಂದಿರ ನಡುವೆಯೂ ಒಳ್ಳೆಯದಲ್ಲ.

ಇನ್ನು ನವರಾತ್ರಿ, ದಸರೆ. ಮಹಾರಾಷ್ಟ್ರದಲ್ಲಿ ‘ಸಾಡೇತೀನ್ ಮುಹೂರ್ತ’ ಎನ್ನುವ ರೂಢಿ ನಿಮಗೆ ಗೊತ್ತಿದೆ. ಯುಗಾದಿ ಪಾಡ್ಯ, ಅಕ್ಷಯ ತೃತೀಯ, ವಿಜಯದಶಮಿ ಈ ಮೂರು ಪೂರ್ತಿ, ಬಲಿಪಾಡ್ಯಮಿ ಅರ್ಧ. ಈ ದಿನಗಳಲ್ಲಿ ಪಂಚಾಂಗ ನೋಡದೆ ಶುಭಕಾರ್ಯ ಮಾಡಬಹುದು ಎಂಬ ನಂಬಿಕೆ. ನಾಲ್ಕರಲ್ಲಿ ಎರಡು ಈ ಒಂದೇ ತಿಂಗಳೊಳಗೆ ಬೀಳುವುದರಿಂದ ಕೊಳ್ಳುವವರು ಹೊರಬೀಳುತ್ತಾರೆ. ಬ್ಯಾಂಕುಗಳೂ ಹಬ್ಬದ ರಿಯಾಯಿತಿ ಎಂದು ಸಾಲದ ಶುಲ್ಕ ಬಿಡುವುದುಂಟು. ಮನೆ ತೋರಿಸಲು ಸಮಯ ಒಳ್ಳೆಯದೇ. ಬಣ್ಣ ಬಳಿದು, ಬಾಗಿಲಿಗೆ ತೋರಣ ಕಟ್ಟಿದ ಮನೆ ನೋಡುವವರ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ. ಹೊಸ ಫ್ಲಾಟುಗಳೂ ಇದೇ ವೇಳೆಗೆ ಸ್ಪರ್ಧೆಗೆ ನಿಂತಿರುತ್ತವೆ ಎಂಬುದನ್ನು ಮರೆಯಬೇಡಿ.

ಬೆಲೆ ಹೇಳುವ ಮುಂಚೆ ಮೂರು ಸಂಗತಿ ತಿಳಿದುಕೊಳ್ಳಿ. ಒಂದು, ನಿಮ್ಮ ಓಣಿಗೆ ಸರಕಾರದ ‘ರೆಡಿ ರೆಕನರ್’ ದರ ಎಷ್ಟು. ಎರಡು, ಅಕ್ಕಪಕ್ಕದಲ್ಲಿ ಕಳೆದ ಒಂದು ವರ್ಷದಲ್ಲಿ ನೋಂದಣಿಯಾದ ಮಾರಾಟದ ಬೆಲೆ ಎಷ್ಟು. ಮೂರು, ನಿಮ್ಮ ಮನೆಯ ಮುಂದಿನ ರಸ್ತೆಯ ಅಗಲ ಎಷ್ಟು. 2020ರ ಕೊನೆಗೆ ಮಹಾರಾಷ್ಟ್ರದಲ್ಲಿ ಬಂದ ಏಕೀಕೃತ ನಿಯಮಗಳಲ್ಲಿ ಎಷ್ಟು ಕಟ್ಟಲು ಬರುತ್ತದೆ ಎಂಬುದಕ್ಕೆ ರಸ್ತೆಯ ಅಗಲ ಬಹಳ ಮುಖ್ಯ. ಬಿಲ್ಡರು ನಿಮ್ಮ ಗೋಡೆಯನ್ನು ಕೊಳ್ಳುವುದಿಲ್ಲ, ನಿಮ್ಮ ಜಾಗದ ಮೇಲೆ ಏನು ಏಳಬಹುದು ಎಂಬುದನ್ನು ಕೊಳ್ಳುತ್ತಾನೆ. ಹಣದ ಬದಲು ‘ಎರಡು ಫ್ಲಾಟು ಕೊಡುತ್ತೇನೆ’ ಎಂದರೆ, ಅದು ಮಾರಾಟಕ್ಕಿಂತ ಬೇರೆ ವ್ಯವಹಾರ. ಕಟ್ಟಡ ಮುಗಿಯುವವರೆಗೆ ನೀವು ಅವನ ಜೊತೆ ಕಟ್ಟಿಹಾಕಿಕೊಂಡಂತೆ. ಅವನ ಹಿಂದಿನ ಕೆಲಸಗಳನ್ನು ಮಹಾರೇರಾ ದಾಖಲೆಯಲ್ಲಿ ನೋಡಿ, ಅಲ್ಲಿ ವಾಸಿಸುವವರನ್ನು ಹೋಗಿ ಕೇಳಿ.

ಖರ್ಚಿನ ಮಾತೂ ತಿಳಿದಿರಲಿ. ಪುಣೆ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಮೆಟ್ರೊ ಅಧಿಭಾರ ಸೇರಿ ಮುದ್ರಾಂಕ ಶುಲ್ಕ ಶೇಕಡಾ 7. ವಾಸದ ಮನೆಯನ್ನು ಮಹಿಳೆಯ ಹೆಸರಿಗೆ ಕೊಂಡರೆ ಶೇಕಡಾ 6. ಇದನ್ನು ರೂಢಿಯಂತೆ ಕೊಳ್ಳುವವರು ಕಟ್ಟುತ್ತಾರೆ. ಮಾರುವವರಿಗೆ ಬರುವುದು ಲಾಭದ ಮೇಲಿನ ಆದಾಯ ತೆರಿಗೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕೈಯಲ್ಲಿದ್ದ ಮನೆಗೆ 2024ರ ಜುಲೈ 23ರಿಂದ ದರ ಶೇಕಡಾ 12.5. ಆ ದಿನಕ್ಕಿಂತ ಮೊದಲು ಬಂದ ಮನೆಯಾದರೆ, ಬೆಲೆಯೇರಿಕೆಯ ಸೂಚ್ಯಂಕ ಹಚ್ಚಿ ಶೇಕಡಾ 20ರ ಲೆಕ್ಕವನ್ನೂ ಮಾಡಿ, ಎರಡರಲ್ಲಿ ಕಡಿಮೆ ಬರುವ ತೆರಿಗೆಯ ಅನುಕೂಲ ಭಾರತದಲ್ಲಿ ವಾಸಿಸುವವರಿಗಿದೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಮನೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಮಾಡಿಸಿಕೊಳ್ಳಿ. ಪ್ರತಿಯೊಬ್ಬ ಪಾಲುದಾರರ ತೆರಿಗೆ ಅವರವರದು. ವಿದೇಶದಲ್ಲಿ ವಾಸವಾಗಿರುವ ಪಾಲುದಾರರ ಹಣದಿಂದ ಕೊಳ್ಳುವವರು ಹೆಚ್ಚು ತೆರಿಗೆ ಹಿಡಿದುಕೊಳ್ಳಬೇಕಾಗುತ್ತದೆ. ಕಡಿಮೆ ಹಿಡಿಯುವ ಪ್ರಮಾಣಪತ್ರಕ್ಕೆ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಬೇಕು. ರಜೆ ಮುಗಿದು ವಿಮಾನ ಹತ್ತುವ ಹಿಂದಿನ ದಿನ ಇದು ನೆನಪಾದರೆ ಪ್ರಯೋಜನವಿಲ್ಲ.

ದಸರೆಯ ದಿನ ಬನ್ನಿ ಕೊಟ್ಟು ಬಂಗಾರದ ಮಾತಾಡುವಾಗ, ಅಥವಾ ಪಾಡ್ಯದ ದಿನ, ಕೊಳ್ಳುವವನು ಟೋಕನ್ ಕೊಡಲು ಬರುತ್ತಾನೆ. ನಮ್ಮ ಹಿರಿಯರು ಇದನ್ನು ಸಂಚಕಾರ ಎನ್ನುತ್ತಿದ್ದರು, ಇಲ್ಲಿಯವರು ಇಸಾರ ಎನ್ನುತ್ತಾರೆ. ಈ ಹಬ್ಬಗಳಂದು ನೋಂದಣಿ ಕಚೇರಿಗೆ ಸಾಮಾನ್ಯವಾಗಿ ರಜೆ. ಆದ್ದರಿಂದ ಮುಹೂರ್ತದಲ್ಲಿ ಆಗುವುದು ಟೋಕನ್ ಮಾತ್ರ. ಎಲ್ಲ ಪಾಲುದಾರರು ಒಪ್ಪಿದ್ದರೆ ತೆಗೆದುಕೊಳ್ಳಿ, ಶುಭವೇ ಆಯಿತು. ಒಬ್ಬರ ಒಪ್ಪಿಗೆ ಬಾಕಿ ಇದ್ದರೂ ತೆಗೆದುಕೊಳ್ಳಬೇಡಿ. ತೆಗೆದುಕೊಂಡರೆ ಪಾವತಿಯಲ್ಲಿ ಪೂರ್ತಿ ಬೆಲೆ, ಉಳಿದ ಹಣದ ದಿನಾಂಕ, ವ್ಯವಹಾರ ಮುರಿದರೆ ಟೋಕನ್ ಏನಾಗಬೇಕು ಎಂಬುದನ್ನು ಬರೆಯಿರಿ. ಹಣ ಚೆಕ್ಕಿನಲ್ಲಿ ಅಥವಾ ಬ್ಯಾಂಕಿನ ಮೂಲಕವೇ ಬರಲಿ. ಮನೆಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಕಾಯಿದೆಯಲ್ಲಿ ಅವಕಾಶವಿಲ್ಲ.

“ಈ ದರ ದೀಪಾವಳಿವರೆಗೆ ಮಾತ್ರ” ಎಂಬ ಮಾತನ್ನು ನೀವು ಕೇಳಿಯೇ ಕೇಳುತ್ತೀರಿ. ನಿಜವಾದ ಗಡುವು ಬಂದದ್ದೂ ಉಂಟು. ಕೊರೊನಾ ವರ್ಷದಲ್ಲಿ, 2020ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ, ಮಹಾರಾಷ್ಟ್ರ ಸರಕಾರ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 3ರಷ್ಟು ಇಳಿಸಿತ್ತು; ಮುಂದಿನ ಮೂರು ತಿಂಗಳು ಶೇಕಡಾ 2ರಷ್ಟು. ಆಗ ಅವಸರ ಮಾಡಿದವರಿಗೆ ಕಾರಣವಿತ್ತು. ಅಂಥ ಗಡುವು ಸರಕಾರದ ಆದೇಶದಲ್ಲಿರುತ್ತದೆ, ಯಾರು ಬೇಕಾದರೂ ಓದಬಹುದು. ಕೊಳ್ಳುವವನ ಬಾಯಲ್ಲಿ ಮಾತ್ರ ಇರುವ ಗಡುವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದೀಪಾವಳಿಗೆ ಬೇಕಾದ ಜಾಗ ಸಂಕ್ರಾಂತಿಗೂ ಬೇಕಾಗಿರುತ್ತದೆ.

ತುಳಸಿ ಲಗ್ನ ಮುಗಿದ ಮೇಲೆ ನೋಂದಣಿ ಇಟ್ಟುಕೊಳ್ಳಿ. ಅಷ್ಟರಲ್ಲಿ ಕೊಳ್ಳುವವರ ವಕೀಲರು ಹಿಂದಿನ ಮೂವತ್ತು ವರ್ಷದ ದಾಖಲೆ ಶೋಧಿಸಿ, ಪತ್ರಿಕೆಯಲ್ಲಿ ಜಾಹೀರು ನೋಟೀಸು ಕೊಟ್ಟು ಮುಗಿಸಿರುತ್ತಾರೆ. ಆ ನೋಟೀಸು ಬರುವ ಮುಂಚೆ ಊರಿನ ಚಿಕ್ಕಪ್ಪ, ದೊಡ್ಡಪ್ಪಂದಿರಿಗೆ ನೀವೇ ಫೋನು ಮಾಡಿ ಹೇಳಿ. ಮನೆ ಮಾರುವ ಸುದ್ದಿಯನ್ನು ಪೇಪರಿನಲ್ಲಿ ಓದಿ ತಿಳಿದ ನೆಂಟರು, ಹಕ್ಕಿಲ್ಲದಿದ್ದರೂ, ಸಿಟ್ಟಿಗೆ ತಕರಾರು ಹಾಕುವುದುಂಟು. ಮನೆಯ ತಾಬಾ ಯಾವ ದಿನ ಕೊಡಬೇಕು ಎಂಬುದನ್ನು ಕರಾರಿನಲ್ಲಿ ಬರೆಸುವುದು ನಿಮ್ಮ ಕೈಯಲ್ಲಿದೆ. ಅವ್ವನಿಗೆ ಆ ಮನೆಯಲ್ಲಿ ಇನ್ನೊಂದು ಸಂಕ್ರಾಂತಿಯ ಎಳ್ಳು ಬೀರಬೇಕು ಎಂದಿದ್ದರೆ ಸಂಕ್ರಾಂತಿ ಕಳೆದ ದಿನಾಂಕವನ್ನೇ ಕೇಳಿ. ಒಳ್ಳೆಯ ಮನಸ್ಸಿನ ಕೊಳ್ಳುವವರು ತಿಂಗಳು, ಎರಡು ತಿಂಗಳಿಗೆ ಇಲ್ಲವೆನ್ನುವುದಿಲ್ಲ.

ಮನೆಯಿಂದ ಏನನ್ನು ಹೊರಗೆ ತರಬೇಕು ಎಂಬುದನ್ನೂ ಕೊನೆಯ ದಿನಕ್ಕೆ ಬಿಡಬೇಡಿ. ದೇವರ ಪೆಟ್ಟಿಗೆ ಯಾರ ಮನೆಗೆ ಹೋಗಬೇಕು, ಕುಲದೇವರ ಪೂಜೆ ಯಾರು ನಡೆಸಬೇಕು ಎಂಬುದಕ್ಕೆ ಕಾಯಿದೆಯಲ್ಲಿ ನಿಮಗೆ ಉತ್ತರ ಸಿಗಲಿಕ್ಕಿಲ್ಲ. ಹಿರಿಯರು ಕೂತು ಹೇಳಬೇಕು. ಹಿತ್ತಾಳೆಯ ಹಂಡೆ, ಬೀಸುವ ಕಲ್ಲು, ಸಾಗವಾನಿಯ ಜೋಕಾಲಿ ಇವುಗಳಿಗೆ ಪೇಟೆಯಲ್ಲಿ ಬೆಲೆ ಕಡಿಮೆ, ಮನೆಯಲ್ಲಿ ಜಗಳ ಹೆಚ್ಚು. ಹಬ್ಬಕ್ಕೆ ಎಲ್ಲರೂ ಇರುವಾಗ ಒಂದೊಂದಕ್ಕೂ ಚೀಟಿ ಅಂಟಿಸಿಬಿಡಿ. ಅಪ್ಪ ಕೂಡಿಸಿಟ್ಟ ಕನ್ನಡ ಪುಸ್ತಕಗಳನ್ನು ರದ್ದಿಗೆ ಹಾಕುವ ಮುಂಚೆ ಇಲ್ಲಿಯ ಕನ್ನಡ ಸಂಘದವರನ್ನು ಒಮ್ಮೆ ಕೇಳಿ. ಹಳೆಯ ಮೋಡಿ ಕಾಗದಗಳಿದ್ದರೆ, ನಿಮ್ಮ ಕೆಲಸ ಮುಗಿದ ಮೇಲೆ, 1910ರಿಂದ ಇಂಥ ಕಾಗದ ಕಾಪಾಡುತ್ತ ಬಂದಿರುವ ಭಾರತ ಇತಿಹಾಸ ಸಂಶೋಧಕ ಮಂಡಳಕ್ಕೆ ತೋರಿಸಿ.

ಮನೆಯನ್ನೇ ಉಳಿಸಬೇಕು ಎಂಬ ಆಸೆ ಇದ್ದರೆ ಅದರ ಮಾತು ಮಾರುವ ಮುಂಚೆ ಆಗಬೇಕು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರು ಕಟ್ಟಿಸಿದ ಮನೆಯ ವಿಷಯ ನಿಮಗೆ ನೆನಪಿರಬಹುದು. 2011ರಲ್ಲಿ ಅದು ಕೈ ಬದಲಾಗಿ ಕೆಡವುವ ಕೆಲಸ ಶುರುವಾದ ಮೇಲೆ ಊರು ಎಚ್ಚರಾಯಿತು. ಕೆಲಸ ನಿಂತು, ಸರಕಾರದ ಕಡೆಯಿಂದ ಮನೆಯನ್ನು ಕೊಂಡು, ದುರಸ್ತಿ ಮಾಡಿ, ವಸ್ತುಸಂಗ್ರಹಾಲಯವಾಗಿ ತೆರೆಯುವ ಹೊತ್ತಿಗೆ 2016 ಬಂದಿತ್ತು. ಅಷ್ಟು ದೊಡ್ಡ ಹೆಸರಿನ ಮನೆಗೇ ಐದು ವರ್ಷ ಹಿಡಿಯಿತು. ನಮ್ಮ ನಿಮ್ಮ ಮನೆಗಳಿಗಾಗಿ ಯಾವ ಊರೂ ಏಳುವುದಿಲ್ಲ. ಆದ್ದರಿಂದ ಫೋಟೋ ಈಗಲೇ ತೆಗೆಸಿ. ಅಂಗಳ, ಅಡಿಗೆಮನೆ, ಮಕ್ಕಳ ಎತ್ತರ ಅಳೆದು ಗೆರೆ ಎಳೆದ ಬಾಗಿಲ ಚೌಕಟ್ಟು ಎಲ್ಲವನ್ನೂ. ಈ ಮನೆ ಹೇಗೆ ಆಯಿತು, ಪಾಯಕ್ಕೆ ಎಷ್ಟು ಖರ್ಚಾಯಿತು, ಯಾವ ಬಳೆ ಅಡವಿಟ್ಟರು ಎಂದು ಅವ್ವನನ್ನು ಕೇಳಿ ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳಿ. ಆಕೆ ಹೇಳುವಾಗ ನಡುವೆ ಲೆಕ್ಕ ತಿದ್ದಬೇಡಿ.

ಮನೆ ಮಾರುವುದು ಪಾಪವಲ್ಲ, ಹಿರಿಯರಿಗೆ ಮಾಡಿದ ಅಪಚಾರವೂ ಅಲ್ಲ. ವಿಜಾಪುರದ ಮನೆಯನ್ನೋ ಕುಂದಾಪುರದ ಗದ್ದೆಯನ್ನೋ ಬಿಟ್ಟು ಬಂದೇ ಅವರು ಇಲ್ಲಿ ಗೋಡೆ ಎಬ್ಬಿಸಿದ್ದು. ಅವರು ಜೋಪಾನ ಮಾಡಿದ್ದು ಒಬ್ಬರಿಗೊಬ್ಬರು ಮಾತು ಬಿಡದ ಮನೆತನವನ್ನು. ಮುಂದಿನ ದೀಪಾವಳಿಗೆ ಆ ಮನೆಯ ಜಾಗದಲ್ಲಿ ಏಳು ಮಹಡಿ ಎದ್ದಿರಬಹುದು. ಅಕ್ಕ ತಂಗಿಯರು ಯಾರ ಮನೆಯಲ್ಲಿ ಆರತಿ ತಟ್ಟೆ ಹಿಡಿಯುತ್ತಾರೆ, ಅವ್ವ ಎಲ್ಲಿ ಕೂತು ಆಶೀರ್ವಾದ ಮಾಡುತ್ತಾಳೆ ಎಂಬುದು ಈ ವರ್ಷ ನೀವು ಹೇಗೆ ಮಾತಾಡುತ್ತೀರಿ ಎಂಬುದನ್ನು ಅವಲಂಬಿಸಿದೆ.

ನಿಮ್ಮ ನಿಮ್ಮ ಮನೆಯ ಕಾಗದದ ವಿಷಯಕ್ಕೆ ತಿಳಿದ ವಕೀಲರನ್ನು, ತೆರಿಗೆಗೆ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ.